ಲಿನಕ್ಸ್ ಹಾಕುವ ಮೊದಲು ಬಯೋಸ್ ನೋಡಿಕೊಳ್ಳಿ: ಮದರ್‌ಬೋರ್ಡ್ ಸೆಟಿಂಗ್‌ಗಳ ಸಮಗ್ರ ಮಾರ್ಗದರ್ಶಿ

ತೀರ್ಥಹಳ್ಳಿ ಹತ್ತಿರದ ನಮ್ಮ ಭಾವನ ಮನೆಯಲ್ಲಿ ಒಂದು ಲ್ಯಾಪ್‌ಟಾಪ್ ಇದೆ. 2017ರಲ್ಲಿ ಕೊಂಡಿದ್ದು, ಇಂಟೆಲ್‌ನ ಏಳನೇ ತಲೆಮಾರಿನ ಐ5. ಅಡಿಕೆ ಲೆಕ್ಕ, ಸೊಸೈಟಿಯ ಕಾಗದ ಪತ್ರ, ಮಗಳ ಓದು, ಎಲ್ಲ ಅದರಲ್ಲೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಟಿಪಿಎಂ 2.0 (ಬೀಗದ ಕೀಗಳನ್ನು ಕಾಯುವ ಭದ್ರತಾ ವ್ಯವಸ್ಥೆ) ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. "ಹಾಗಾದ್ರೆ ಇದನ್ನ ಗುಜರಿಗೆ ಹಾಕೋದಾ ಮಾರಾಯ?" ಅಂತ ಭಾವ ಕೇಳಿದರು.

ಕೀಬೋರ್ಡ್ ಚೆನ್ನಾಗಿದೆ, ಸ್ಕ್ರೀನ್ ಚೆನ್ನಾಗಿದೆ, 8 ಜಿಬಿ ರ‍್ಯಾಮ್ ಇದೆ. ಅಂಥದ್ದನ್ನು ಎಸೆಯಲು ನನಗೆ ಮನಸ್ಸು ಬರಲಿಲ್ಲ. ವಿಂಡೋಸ್ ಬದಲು ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಂ ಲಿನಕ್ಸ್. ಅದರ ಮಿಂಟ್ ಎಂಬ ಆವೃತ್ತಿ ತುಂಬಿಸಿದ ಪೆನ್‌ಡ್ರೈವ್ ತಂದು ಚುಚ್ಚಿದೆ. ಎಲ್ಲ ಸರಾಗವಾಗಿ ಬಂತು. ಆದರೆ ಯಾವ ಡಿಸ್ಕಿಗೆ ಹಾಕಲಿ ಅಂತ ಕೇಳುವ ಪಟ್ಟಿಯಲ್ಲಿ ಪೆನ್‌ಡ್ರೈವ್ ಒಂದೇ ಕಾಣುತ್ತಿತ್ತು. ಒಳಗಿನ ಎಸ್‌ಎಸ್‌ಡಿಯ ಸುಳಿವೇ ಇಲ್ಲ. ಅರ್ಧ ದಿನ ಅದರಲ್ಲೇ ಹೋಯಿತು. ತಪ್ಪು ಲಿನಕ್ಸ್‌ನದಲ್ಲ, ಡಿಸ್ಕಿನದೂ ಅಲ್ಲ. ಬಯೋಸ್ ಒಳಗಿನ ಒಂದೇ ಒಂದು ಸೆಟಿಂಗ್ ಅದು. ಮೊದಲೇ ಹತ್ತು ನಿಮಿಷ ಕೂತು ನೋಡಿದ್ದರೆ ಸಾಕಿತ್ತು.

ಆ ಹತ್ತು ನಿಮಿಷದಲ್ಲಿ ಏನೇನು ನೋಡಬೇಕು ಅಂತ ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಓದಲು ಕಂಪ್ಯೂಟರ್ ರಿಪೇರಿ ಕಲಿತಿರಬೇಕಾಗಿಲ್ಲ. ಒಂದು ನೋಟ್‌ಬುಕ್, ಪೆನ್ನು, ಫೋಟೋ ತೆಗೆಯಲು ಫೋನು ಇದ್ದರೆ ಆಯ್ತು.

ಬಯೋಸ್ ಅಂದರೆ ಯಾವುದು

ಪವರ್ ಬಟನ್ ಒತ್ತಿದ ಕೂಡಲೇ ವಿಂಡೋಸ್ ಬರುವುದಿಲ್ಲ ಅಲ್ವಾ? ಮದರ್‌ಬೋರ್ಡ್ ಮೇಲಿನ ಒಂದು ಚಿಕ್ಕ ಚಿಪ್ಪಿನಲ್ಲಿರುವ ಸಾಫ್ಟ್‌ವೇರ್ ಮೊದಲು ಏಳುತ್ತದೆ. ರ‍್ಯಾಮ್ ಇದೆಯಾ, ಕೀಬೋರ್ಡ್ ಇದೆಯಾ, ಡಿಸ್ಕ್ ಎಲ್ಲಿದೆ ಅಂತ ನೋಡುತ್ತದೆ. ಆಮೇಲೆ ಡಿಸ್ಕಿನಲ್ಲಿರುವ ಆಪರೇಟಿಂಗ್ ಸಿಸ್ಟಂ ಕೈಗೆ ಯಂತ್ರವನ್ನು ಕೊಡುತ್ತದೆ. ಇದೇ ಫರ್ಮ್‌ವೇರ್. 1981ರ ಐಬಿಎಂ ಪಿಸಿ ಕಾಲದಿಂದ ಬಂದದ್ದು ಬಯೋಸ್. ಈಗಿನದು ಯುಇಎಫ್‌ಐ. ಅದನ್ನು ನೋಡಿಕೊಳ್ಳುವ ಯುಇಎಫ್‌ಐ ಫೋರಂ 2005ರಲ್ಲಿ ಶುರುವಾಯಿತು. ಬಾಯಿ ಮಾತಿನಲ್ಲಿ ಎಲ್ಲರೂ ಈಗಲೂ ಬಯೋಸ್ ಅಂತಲೇ ಅನ್ನುತ್ತಾರೆ. ನಾನೂ ಹಾಗೇ ಬರೆಯುತ್ತೇನೆ.

ಒಂದು ಮಾತು ನೆನಪಿರಲಿ. ಡಿಸ್ಕನ್ನು ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಈ ಸೆಟಿಂಗ್‌ಗಳು ಬದಲಾಗುವುದಿಲ್ಲ. ಅವು ಬೇರೆ ಜಾಗದಲ್ಲಿವೆ.

ಮೊದಲ ಹೆಜ್ಜೆ: ವಿಂಡೋಸ್ ಒಳಗಿಂದಲೇ ನೋಡಿ

ಬಯೋಸ್ ಒಳಗೆ ಕಾಲಿಡುವ ಮೊದಲು ಹೊರಗಿನಿಂದಲೇ ಅರ್ಧ ವಿಷಯ ಗೊತ್ತಾಗುತ್ತದೆ. ಇದರಲ್ಲಿ ಯಾವ ಅಪಾಯವೂ ಇಲ್ಲ, ಬರೀ ನೋಡುವುದು ಅಷ್ಟೇ.

ಸ್ಟಾರ್ಟ್ ಮೆನುವಿನಲ್ಲಿ 'ಸಿಸ್ಟಂ ಇನ್ಫರ್ಮೇಶನ್' ಅಂತ ಹುಡುಕಿ ತೆರೆಯಿರಿ. ಉದ್ದದ ಪಟ್ಟಿ ಬರುತ್ತದೆ. ಗಾಬರಿ ಬೇಡ. ಅದರಲ್ಲಿ ನಮಗೆ ಬೇಕಾದ್ದು ನಾಲ್ಕೇ ಸಾಲು. ಭಾವನ ಮನೆಯಲ್ಲಿ ಅಡಿಕೆ ತೂಕ ಬರೆಯುವ ಪುಸ್ತಕದ ಹಿಂದಿನ ಹಾಳೆಯಲ್ಲಿ ನಾನು ಬರೆದುಕೊಂಡಿದ್ದು ಹೀಗಿತ್ತು:

ಬಯೋಸ್ ಮೋಡ್: ಯುಇಎಫ್‌ಐ.
ಸೆಕ್ಯೂರ್ ಬೂಟ್ ಸ್ಟೇಟ್: ಆನ್ (ಸಹಿ ಇರುವುದನ್ನು ಮಾತ್ರ ಏಳಲು ಬಿಡುವ ಕಾವಲು, ಐದನೇ ಹೆಜ್ಜೆಯಲ್ಲಿ ಹೇಳುತ್ತೇನೆ).
ಬಯೋಸ್ ವರ್ಶನ್ ಮತ್ತು ತಾರೀಕು: 2018ರದ್ದು.
ಬೇಸ್‌ಬೋರ್ಡ್ ಪ್ರಾಡಕ್ಟ್: ಮದರ್‌ಬೋರ್ಡಿನ ಮಾಡೆಲ್ ನಂಬರ್.

ಬಯೋಸ್ ಮೋಡ್ ಮುಂದೆ 'ಲೆಗಸಿ' ಅಂತ ಇದ್ದರೆ ನಿಮ್ಮ ವಿಂಡೋಸ್ ಹಳೇ ಪದ್ಧತಿಯಲ್ಲಿ ಕೂತಿದೆ ಅಂತ ಅರ್ಥ. ಹಾಗೆಂದ ಮಾತ್ರಕ್ಕೆ ಮದರ್‌ಬೋರ್ಡಿಗೆ ಯುಇಎಫ್‌ಐ ಬರುವುದಿಲ್ಲ ಅಂತಲ್ಲ. ಹಾಕಿದವರು ಲೆಗಸಿಯಲ್ಲಿ ಹಾಕಿರಬಹುದು. ವಿಂಡೋಸ್ 7 ಇದ್ದ ಯಂತ್ರಗಳಲ್ಲಿ ಇದು ಜಾಸ್ತಿ.

ಮದರ್‌ಬೋರ್ಡ್ ಮಾಡೆಲ್ ಬರೆದುಕೊಳ್ಳುವುದು ಯಾಕೆಂದರೆ, ಮುಂದೆ ಎಲ್ಲಾದರೂ ಸಿಕ್ಕಿಬಿದ್ದರೆ ಅದೇ ನಂಬರಿನಿಂದ ತಯಾರಕರ ಕೈಪಿಡಿ ಸಿಗುತ್ತದೆ. ಡೆಸ್ಕ್‌ಟಾಪ್‌ಗೆ ಇದು ತುಂಬಾ ಮುಖ್ಯ. ಲ್ಯಾಪ್‌ಟಾಪ್ ಆದರೆ ಹಿಂಬದಿಯ ಚೀಟಿಯಲ್ಲಿರುವ ಮಾಡೆಲ್ ಹೆಸರೇ ಸಾಕು.

ಇನ್ನೊಂದು ನೋಡಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆರೆಯಿರಿ. ಕೆಳಗೆ 'ಡಿಸ್ಕ್ 0' ಅಂತ ಇರುವ ಬೂದು ಚೌಕದ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ವಾಲ್ಯೂಮ್ಸ್. ಅಲ್ಲಿ 'ಪಾರ್ಟಿಶನ್ ಸ್ಟೈಲ್', ಅಂದರೆ ಡಿಸ್ಕನ್ನು ಭಾಗ ಮಾಡಿದ ಪದ್ಧತಿ, ಜಿಪಿಟಿಯೋ ಎಂಬಿಆರೋ ಅಂತ ಇರುತ್ತದೆ. ಯುಇಎಫ್‌ಐ ಜೊತೆ ಜಿಪಿಟಿ, ಲೆಗಸಿ ಜೊತೆ ಎಂಬಿಆರ್, ಇದು ವಿಂಡೋಸ್‌ನ ಜೋಡಿ. ಎಂಬಿಆರ್‌ನಲ್ಲಿ ಮುಖ್ಯ ಪಾರ್ಟಿಶನ್ ನಾಲ್ಕೇ ಮಾಡಬಹುದು, ಸುಮಾರು 2 ಟಿಬಿ ದಾಟಿದ ಡಿಸ್ಕನ್ನು ಅದು ಪೂರ್ತಿ ಬಳಸಲಾರದು. ವಿಂಡೋಸ್‌ನಲ್ಲಿ ಜಿಪಿಟಿಗೆ 128 ಪಾರ್ಟಿಶನ್‌ವರೆಗೆ ಜಾಗವಿದೆ.

ಎರಡನೇ ಹೆಜ್ಜೆ: ರಿಕವರಿ ಕೀ

ಇದನ್ನು ದಾಟಿಸಿ ಮುಂದೆ ಹೋಗಬೇಡಿ. ಕೈಮುಗಿದು ಕೇಳುತ್ತೇನೆ.

ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ತಾನಾಗಿಯೇ ಬಿದ್ದಿರುತ್ತದೆ. ಹೋಂ ಎಡಿಶನ್‌ನಲ್ಲಿ ಇದರ ಹೆಸರು 'ಡಿವೈಸ್ ಎನ್‌ಕ್ರಿಪ್ಶನ್'. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಹೊಸದಾಗಿ ಹಾಕಿದಾಗ ಇದು ಇನ್ನೂ ಜಾಸ್ತಿ ಯಂತ್ರಗಳಲ್ಲಿ ಆನ್ ಆಗುತ್ತದೆ. ಬೀಗ ಇರುವುದು ಮನೆಯವರಿಗೆ ಗೊತ್ತೇ ಇರುವುದಿಲ್ಲ. ನೀವು ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ ಅಥವಾ ಟಿಪಿಎಂ ಬದಲಾಯಿಸಿದರೆ ವಿಂಡೋಸ್‌ಗೆ ಅನುಮಾನ ಬರುತ್ತದೆ. ನೀಲಿ ಸ್ಕ್ರೀನ್ ತೋರಿಸಿ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ಒಳಗಿನ ಫೋಟೋ, ಲೆಕ್ಕ, ಯಾವುದೂ ಕೈಗೆ ಸಿಗುವುದಿಲ್ಲ.

ಸೆಟಿಂಗ್ಸ್‌ನಲ್ಲಿ 'ಡಿವೈಸ್ ಎನ್‌ಕ್ರಿಪ್ಶನ್' ಅಂತ ಹುಡುಕಿ. ಆನ್ ಇದ್ದರೆ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಹೋಗಿ ರಿಕವರಿ ಕೀ ತೆಗೆದು ಕಾಗದದ ಮೇಲೆ ಬರೆಯಿರಿ. ಅದೇ ಲ್ಯಾಪ್‌ಟಾಪಿನಲ್ಲಿ ಉಳಿಸಿಟ್ಟರೆ ಬೀಗದ ಕೈಯನ್ನು ಪೆಟ್ಟಿಗೆ ಒಳಗೇ ಇಟ್ಟ ಹಾಗೆ. ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಳ್ಳುವವರು ಎನ್‌ಕ್ರಿಪ್ಶನ್ ಆಫ್ ಮಾಡುವುದು ಒಳ್ಳೆಯದು. ಇಲ್ಲದಿದ್ದರೆ ಆ ಪಾರ್ಟಿಶನ್ ಚಿಕ್ಕದು ಮಾಡಿ ಜಾಗ ಬಿಡಿಸಿಕೊಳ್ಳಲು ಇನ್‌ಸ್ಟಾಲರ್‌ಗೆ ಆಗುವುದಿಲ್ಲ. ಆಫ್ ಮಾಡಲು ಸಮಯ ಹಿಡಿಯುತ್ತದೆ, ಚಾರ್ಜರ್ ಹಾಕಿಡಿ.

ಇಲ್ಲಿರುವಾಗಲೇ 'ಫಾಸ್ಟ್ ಸ್ಟಾರ್ಟ್‌ಅಪ್' ಕೂಡ ತೆಗೆದುಬಿಡಿ. ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಶನ್ಸ್, ಪವರ್ ಬಟನ್ ಏನು ಮಾಡಬೇಕು ಅನ್ನುವ ಕೊಂಡಿ. ಅಲ್ಲಿ ಟಿಕ್ ತೆಗೆಯಿರಿ. ಇದು ಆನ್ ಇದ್ದರೆ ಶಟ್‌ಡೌನ್ ಕೊಟ್ಟಾಗ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರೆನಿದ್ದೆಯಲ್ಲಿರುತ್ತದೆ. ಆಗ ಲಿನಕ್ಸ್‌ನಿಂದ ಆ ಡ್ರೈವಿಗೆ ಏನನ್ನೂ ಬರೆಯಲು ಆಗುವುದಿಲ್ಲ.

ಮತ್ತೆ, ಬ್ಯಾಕಪ್. ಬೇಕಾದ ಫೈಲುಗಳನ್ನು ಬೇರೆ ಡಿಸ್ಕಿಗೆ ಹಾಕಿಕೊಳ್ಳದೆ ಯಾವುದನ್ನೂ ಮುಟ್ಟಬೇಡಿ. ನುಡಿ ಅಥವಾ ಟ್ಯಾಲಿಯಲ್ಲಿ ದಿನವೂ ಕೆಲಸ ಮಾಡುವವರು ವಿಂಡೋಸನ್ನು ಪೂರ್ತಿ ತೆಗೆಯುವ ಮೊದಲು ಯೋಚನೆ ಮಾಡಿ. ಅವು ವಿಂಡೋಸ್‌ಗಾಗಿ ಮಾಡಿದ ತಂತ್ರಾಂಶಗಳು. ಅಂಥವರಿಗೆ ಎರಡೂ ಇಟ್ಟುಕೊಳ್ಳುವುದೇ ವಾಸಿ.

ಮೂರನೇ ಹೆಜ್ಜೆ: ಒಳಗೆ ಹೋಗಿ, ಫೋಟೋ ತೆಗೆಯಿರಿ

ಆನ್ ಮಾಡಿದ ತಕ್ಷಣ ಒಂದು ಕೀಯನ್ನು ಪಟಪಟ ಒತ್ತುತ್ತಾ ಇರಬೇಕು. ಡೆಲ್, ಏಸರ್ ಲ್ಯಾಪ್‌ಟಾಪಿಗೆ ಸಾಮಾನ್ಯವಾಗಿ ಎಫ್2. ಎಚ್‌ಪಿಗೆ ಎಫ್10, ಅಥವಾ ಎಸ್ಕೇಪ್ ಒತ್ತಿದರೆ ಪಟ್ಟಿ ಬರುತ್ತದೆ. ಲೆನೊವೊಗೆ ಎಫ್1 ಅಥವಾ ಎಫ್2, ಕೆಲವು ಮಾಡೆಲ್‌ಗಳಲ್ಲಿ ಪಕ್ಕದಲ್ಲಿ ಪಿನ್ನಿನಿಂದ ಒತ್ತುವ ನೋವೋ ಬಟನ್ ಇರುತ್ತದೆ. ಏಸಸ್‌ಗೆ ಎಫ್2 ಅಥವಾ ಡಿಲೀಟ್. ಗಿಗಾಬೈಟ್, ಎಂಎಸ್‌ಐ ಬೋರ್ಡಿನ ಡೆಸ್ಕ್‌ಟಾಪಿಗೆ ಡಿಲೀಟ್.

ಎಷ್ಟು ಒತ್ತಿದರೂ ವಿಂಡೋಸೇ ಬರುತ್ತಿದೆಯಾ? ಹಾಗಾದರೆ ಶಿಫ್ಟ್ ಕೀ ಒತ್ತಿ ಹಿಡಿದು 'ರೀಸ್ಟಾರ್ಟ್' ಕೊಡಿ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಶನ್ಸ್, ಯುಇಎಫ್‌ಐ ಫರ್ಮ್‌ವೇರ್ ಸೆಟಿಂಗ್ಸ್. ನೇರ ಒಳಗೆ ಹೋಗುತ್ತದೆ. ಈ ಕೊನೆಯ ಆಯ್ಕೆ ಕಾಣದಿದ್ದರೆ ನಿಮ್ಮದು ಬಹುಶಃ ಲೆಗಸಿಯಲ್ಲಿದೆ.

ಒಳಗೆ ಹೋದ ಮೇಲೆ ಏನನ್ನೂ ಬದಲಾಯಿಸಬೇಡಿ. ಮೊದಲು ಫೋನ್ ತೆಗೆದುಕೊಂಡು ಪ್ರತಿ ಪುಟದ ಫೋಟೋ ಹೊಡೆಯಿರಿ. ಮೇನ್, ಅಡ್ವಾನ್ಸ್ಡ್, ಬೂಟ್, ಸೆಕ್ಯುರಿಟಿ, ಒಳಪುಟಗಳು, ಎಲ್ಲವೂ. ಹದಿನೈದು ಇಪ್ಪತ್ತು ಫೋಟೋ ಆಗಬಹುದು, ಆಗಲಿ. ಮುಂದೆ ಹೇಳುವ ಪೆಟ್ಟಿನಿಂದ ನನ್ನನ್ನು ಉಳಿಸಿದ್ದು ಇವೇ ಫೋಟೋಗಳು. ಏಸಸ್, ಎಂಎಸ್‌ಐ, ಗಿಗಾಬೈಟ್‌ಗಳ ಈಗಿನ ಬೋರ್ಡುಗಳಲ್ಲಿ ಮೊದಲು ಬರುವುದು ಚಿತ್ರಗಳಿರುವ 'ಈಸಿ ಮೋಡ್'. ಪೂರ್ತಿ ನೋಡಲು 'ಅಡ್ವಾನ್ಸ್ಡ್ ಮೋಡ್'ಗೆ ಹೋಗಿ. ಅದರ ಕೀ ಸ್ಕ್ರೀನಿನ ಅಂಚಿನಲ್ಲೇ ಬರೆದಿರುತ್ತದೆ.

ನಾಲ್ಕನೇ ಹೆಜ್ಜೆ: ಯುಇಎಫ್‌ಐಯೋ ಲೆಗಸಿಯೋ

ಬೂಟ್ ಪುಟದಲ್ಲಿ 'ಸಿಎಸ್‌ಎಂ' ಅಥವಾ 'ಲೆಗಸಿ ಸಪೋರ್ಟ್' ಅಂತ ಇರುತ್ತದೆ. ಹಳೇ ಬಯೋಸಿನಂತೆ ನಟಿಸುವ ಒಂದು ಪದರ ಅದು. ಹೊಸ ಯಂತ್ರಗಳು ಎಷ್ಟೋ ಕಡೆ ಇದನ್ನು ಬಿಟ್ಟೇಬಿಟ್ಟಿವೆ.

ನಿಯಮ ಸರಳ. ವಿಂಡೋಸ್ ಉಳಿಸಿಕೊಂಡು ಪಕ್ಕದಲ್ಲಿ ಲಿನಕ್ಸ್ ಹಾಕುವುದಾದರೆ ಎರಡೂ ಒಂದೇ ಪದ್ಧತಿಯಲ್ಲಿರಬೇಕು. ವಿಂಡೋಸ್ ಯುಇಎಫ್‌ಐಯಲ್ಲಿದ್ದರೆ ಲಿನಕ್ಸೂ ಯುಇಎಫ್‌ಐಯಲ್ಲೇ ಏಳಲಿ. ಒಂದು ಆ ಕಡೆ ಒಂದು ಈ ಕಡೆ ಆದರೆ ಒಂದರ ಮೆನುವಿನಿಂದ ಇನ್ನೊಂದನ್ನು ಎಬ್ಬಿಸಲು ಆಗುವುದಿಲ್ಲ. ವಿಂಡೋಸ್ ಬೇಡವೇ ಬೇಡ, ಡಿಸ್ಕ್ ಪೂರ್ತಿ ಒರೆಸುತ್ತೇನೆ ಅನ್ನುವವರು ಸಿಎಸ್‌ಎಂ ಆಫ್ ಮಾಡಿ ಯುಇಎಫ್‌ಐ ಇಟ್ಟುಕೊಳ್ಳಿ. ಯುಇಎಫ್‌ಐ ಬರುವುದಕ್ಕಿಂತ ಹಿಂದಿನ ಯಂತ್ರವಾದರೆ ಲೆಗಸಿಯೇ ಗತಿ. ಅದರಲ್ಲೂ ಲಿನಕ್ಸ್ ಚೆನ್ನಾಗಿಯೇ ನಡೆಯುತ್ತದೆ.

ಇಂಟೆಲ್ ಬೇ ಟ್ರೇಲ್ ಆಟಮ್ ಚಿಪ್ಪಿನ ಅಗ್ಗದ ಮಿನಿ ಲ್ಯಾಪ್‌ಟಾಪ್‌ಗಳು, ಟ್ಯಾಬ್ಲೆಟ್‌ಗಳು ಒಂದು ಕಾಲದಲ್ಲಿ ಬಂದಿದ್ದವು, 2 ಜಿಬಿ ರ‍್ಯಾಮಿನವು. ಅವುಗಳಲ್ಲಿ ಪ್ರೊಸೆಸರ್ 64 ಬಿಟ್, ಫರ್ಮ್‌ವೇರ್ ಮಾತ್ರ 32 ಬಿಟ್. ಸಾಮಾನ್ಯ 64 ಬಿಟ್ ಪೆನ್‌ಡ್ರೈವ್ ಅವಕ್ಕೆ ಕಾಣುವುದೇ ಇಲ್ಲ. 32 ಬಿಟ್ ಯುಇಎಫ್‌ಐಗೆ ಬೇಕಾದ ಬೂಟ್ ಫೈಲ್ ಇರುವ ಡಿಸ್ಟ್ರೋ (ಲಿನಕ್ಸ್ ಆವೃತ್ತಿ) ಹುಡುಕಬೇಕು.

ಐದನೇ ಹೆಜ್ಜೆ: ಸೆಕ್ಯೂರ್ ಬೂಟ್

ಇದರ ಬಗ್ಗೆ ಅನಗತ್ಯ ಭಯ ಜಾಸ್ತಿ. 'ಲಿನಕ್ಸ್ ಹಾಕಬೇಕಾದ್ರೆ ಸೆಕ್ಯೂರ್ ಬೂಟ್ ಆಫ್ ಮಾಡಲೇಬೇಕು' ಅನ್ನುವ ಮಾತು ಈಗ ಎಲ್ಲ ಕಡೆಗೂ ಹೊಂದುವುದಿಲ್ಲ.

ಫರ್ಮ್‌ವೇರ್ ತನ್ನ ಬಳಿ ಕೆಲವು ನಂಬಿಕೆಯ ಕೀಗಳನ್ನು ಇಟ್ಟುಕೊಂಡಿರುತ್ತದೆ. ಆ ಕೀಯಿಂದ ಸಹಿ ಆದ ಬೂಟ್ ಫೈಲನ್ನು ಮಾತ್ರ ಏಳಲು ಬಿಡುತ್ತದೆ. 2012ರಲ್ಲಿ ವಿಂಡೋಸ್ 8 ಜೊತೆ ಇದು ಮನೆಮನೆಗೆ ಬಂತು. ಉಬುಂಟು, ಫೆಡೋರಾ, ಓಪನ್‌ಸೂಸೆ, 2019ರ ಡೆಬಿಯನ್ 10ರಿಂದ ಈಚೆಗೆ ಡೆಬಿಯನ್, ಇವೆಲ್ಲ ಮೈಕ್ರೋಸಾಫ್ಟ್ ಸಹಿ ಇರುವ 'ಶಿಮ್' ಎಂಬ ಪುಟ್ಟ ಫೈಲಿನ ಮೂಲಕ ಏಳುತ್ತವೆ. ಅವಕ್ಕೆ ಸೆಕ್ಯೂರ್ ಬೂಟ್ ಆನ್ ಇದ್ದರೂ ಅಡ್ಡಿ ಇಲ್ಲ. ಆರ್ಚ್ ಲಿನಕ್ಸ್, ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ, ಹೈಕು ಹಾಕುವವರು ಮಾತ್ರ ಮೊದಲು ಆಫ್ ಮಾಡಿ.

ನನ್ನ ಸಲಹೆ ಇಷ್ಟು. ಮೊದಲು ಆನ್ ಇಟ್ಟುಕೊಂಡೇ ಪೆನ್‌ಡ್ರೈವ್ ಚುಚ್ಚಿ ನೋಡಿ. ಎದ್ದರೆ ಸುಮ್ನೆ ಬಿಡಿ. 'ಸೆಕ್ಯೂರ್ ಬೂಟ್ ವಯಲೇಶನ್' ಅಥವಾ 'ಸೆಕ್ಯುರಿಟಿ ಪಾಲಿಸಿ' ಅಂತ ಬೈದರೆ ಆಗ ಆಫ್ ಮಾಡಿದರಾಯ್ತು.

ಆಫ್ ಮಾಡುವ ಜಾಗ ಒಂದೊಂದರಲ್ಲಿ ಒಂದೊಂದು ಥರ. ಏಸಸ್ ಬೋರ್ಡುಗಳಲ್ಲಿ 'ಓಎಸ್ ಟೈಪ್' ಅಂತ ಇರುತ್ತದೆ. ಅದನ್ನು 'ವಿಂಡೋಸ್ ಯುಇಎಫ್‌ಐ ಮೋಡ್'ನಿಂದ 'ಅದರ್ ಓಎಸ್'ಗೆ ಬದಲಾಯಿಸಬೇಕು. ಏಸರ್ ಲ್ಯಾಪ್‌ಟಾಪ್‌ಗಳಲ್ಲಿ ಆಯ್ಕೆ ಮಂಕಾಗಿ, ಮುಟ್ಟಲು ಬಾರದ ಹಾಗೆ ಕಂಡರೆ ಮೊದಲು 'ಸೂಪರ್‌ವೈಸರ್ ಪಾಸ್‌ವರ್ಡ್' ಹಾಕಬೇಕು, ಆಮೇಲೆ ಅದು ತೆರೆಯುತ್ತದೆ. ಆ ಪಾಸ್‌ವರ್ಡನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮರೆತರೆ ಬಿಡಿಸಿಕೊಳ್ಳುವುದು ದೊಡ್ಡ ರಗಳೆ. ಕೆಲಸ ಮುಗಿದ ಮೇಲೆ ಅದನ್ನು ಖಾಲಿ ಮಾಡಿದರೂ ಆಯ್ತು. ಈಚಿನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ, ಥಿಂಕ್‌ಪ್ಯಾಡ್‌ನಂಥವುಗಳಲ್ಲಿ, 'ಮೈಕ್ರೋಸಾಫ್ಟ್ ಥರ್ಡ್ ಪಾರ್ಟಿ ಯುಇಎಫ್‌ಐ ಸಿಎ' ಅಂತ ಬೇರೆ ಸಾಲಿದೆ. ಅದು ಆಫ್ ಇದ್ದರೆ ಸಹಿ ಇರುವ ಉಬುಂಟುವೂ ಏಳುವುದಿಲ್ಲ. ಸೆಕ್ಯೂರ್ ಬೂಟ್ ಆಫ್ ಮಾಡುವುದರ ಬದಲು ಇದನ್ನು ಆನ್ ಮಾಡಿ.

ಎನ್ವಿಡಿಯಾ ಗ್ರಾಫಿಕ್ಸ್ ಇದ್ದವರಿಗೆ ಇನ್ನೊಂದು ಮಾತು. ಸೆಕ್ಯೂರ್ ಬೂಟ್ ಆನ್ ಇಟ್ಟು ಅದರ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೊಡಲು ಕೇಳುತ್ತದೆ. ಮುಂದಿನ ಸಲ ಆನ್ ಮಾಡಿದಾಗ ನೀಲಿ ಬಣ್ಣದ ಮೆನು ಬರುತ್ತದೆ. ಗಾಬರಿಯಾಗಿ 'ಕಂಟಿನ್ಯೂ ಬೂಟ್' ಒತ್ತಿದರೆ ಡ್ರೈವರ್ ಕೆಲಸ ಮಾಡುವುದಿಲ್ಲ. 'ಎನ್‌ರೋಲ್ ಎಂಓಕೆ' ಆರಿಸಿ ಅದೇ ಪಾಸ್‌ವರ್ಡ್ ಹಾಕಬೇಕು. ಆ ಮೆನು ಕೆಲವು ಸೆಕೆಂಡು ಮಾತ್ರ ಕಾಯುತ್ತದೆ, ಎದುರಿಗೇ ಕೂತಿರಿ.

ಮತ್ತೊಂದು ಬೆಳವಣಿಗೆ ಇದೆ. ಮೈಕ್ರೋಸಾಫ್ಟ್‌ನ 2011ರ ಸೆಕ್ಯೂರ್ ಬೂಟ್ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಮುಗಿಯತೊಡಗುತ್ತದೆ. ಅವುಗಳ ಜಾಗಕ್ಕೆ 2023ರವು ಬರುತ್ತವೆ. ಈಗ ಏಳುತ್ತಿರುವ ಯಂತ್ರ ಅವತ್ತೇ ನಿಂತುಹೋಗುವುದಿಲ್ಲ. ಆದರೆ ಹೊಸ ಸಹಿ ಮಾತ್ರ ಇರುವ ಪೆನ್‌ಡ್ರೈವನ್ನು ಹಳೇ ಫರ್ಮ್‌ವೇರ್ ಗುರುತಿಸದೇ ಹೋಗಬಹುದು. ಹೊಸ ಕೀ ಬರುವುದು ವಿಂಡೋಸ್ ಅಪ್‌ಡೇಟ್ ಅಥವಾ ಬಯೋಸ್ ಅಪ್‌ಡೇಟ್ ಮೂಲಕ.

ಆರನೇ ಹೆಜ್ಜೆ: ಸಾಟಾ ಮೋಡ್, ಅಂದರೆ ನನ್ನ ಅರ್ಧ ದಿನ ತಿಂದದ್ದು

ಅಡ್ವಾನ್ಸ್ಡ್ ಅಥವಾ ಸ್ಟೋರೇಜ್ ಪುಟದಲ್ಲಿ 'ಸಾಟಾ ಮೋಡ್', 'ಸಾಟಾ ಆಪರೇಶನ್' ಅಥವಾ 'ಸ್ಟೋರೇಜ್ ಕಂಟ್ರೋಲರ್' ಅಂತ ಇರುತ್ತದೆ. ಡಿಸ್ಕ್ ಯಂತ್ರದ ಜೊತೆ ಯಾವ ರೀತಿ ಮಾತಾಡಬೇಕು ಅಂತ ಹೇಳುವ ಸೆಟಿಂಗ್ ಅದು. ಅದರ ಮುಂದೆ 'ಎಎಚ್‌ಸಿಐ' ಇದ್ದರೆ ಖುಷಿಪಡಿ, ಮುಂದಿನ ಹೆಜ್ಜೆಗೆ ಹೋಗಿ. 'ರೇಡ್ ಆನ್', 'ಇಂಟೆಲ್ ಆರ್‌ಎಸ್‌ಟಿ', 'ಆಪ್ಟೇನ್' ಅಂತ ಇದ್ದರೆ ಎಸ್‌ಎಸ್‌ಡಿ ಇಂಟೆಲ್‌ನ ಒಂದು ಪರದೆಯ ಹಿಂದೆ ಇದೆ. ಲಿನಕ್ಸ್ ಇನ್‌ಸ್ಟಾಲರ್‌ಗೆ ಅದು ಕಾಣದೇ ಹೋಗಬಹುದು. ಉಬುಂಟು ಆದರೆ 'ಆರ್‌ಎಸ್‌ಟಿ ಆಫ್ ಮಾಡಿ' ಅಂತ ಬಾಯಿಬಿಟ್ಟೇ ಹೇಳುತ್ತದೆ. ಹನ್ನೊಂದನೇ ತಲೆಮಾರಿನ ಇಂಟೆಲ್ ಲ್ಯಾಪ್‌ಟಾಪ್‌ಗಳಿಂದ ಈಚೆಗೆ ಇದೇ ಜಾಗದಲ್ಲಿ 'ವಿಎಂಡಿ' ಎಂಬ ಹೆಸರು ಸಿಗುತ್ತದೆ. ಕೆಲವು ಏಸರ್ ಮಾಡೆಲ್‌ಗಳಲ್ಲಿ ಈ ಸಾಲು ಅಡಗಿರುತ್ತದೆ. ಮೇನ್ ಪುಟದಲ್ಲಿ ಕಂಟ್ರೋಲ್ ಮತ್ತು ಎಸ್ ಕೀ ಒಟ್ಟಿಗೆ ಒತ್ತಿದರೆ ಕಾಣಿಸಿಕೊಳ್ಳುತ್ತದೆ.

ಭಾವನ ಲ್ಯಾಪ್‌ಟಾಪಿನಲ್ಲಿ ಇದ್ದದ್ದು 'ರೇಡ್ ಆನ್'. ಕಾರಣ ಸಿಕ್ಕಿತಲ್ಲ ಅಂತ ನಾನು ಅದನ್ನು ಹಿಂದೆ ಮುಂದೆ ನೋಡದೆ ಎಎಚ್‌ಸಿಐ ಮಾಡಿ ಸೇವ್ ಮಾಡಲು ಎಫ್10 ಒತ್ತಿದೆ. ವಿಂಡೋಸ್ ಏಳಲಿಲ್ಲ. ನೀಲಿ ಸ್ಕ್ರೀನ್, 'ಇನ್ಆಕ್ಸೆಸಿಬಲ್ ಬೂಟ್ ಡಿವೈಸ್'. ಭಾವನ ಮುಖ ನೋಡಲಾಗಲಿಲ್ಲ. ಆ ಸೀಸನ್ನಿನ ಅಡಿಕೆ ಲೆಕ್ಕ ಪೂರ್ತಿ ಅದರಲ್ಲಿತ್ತು. ಫೋನಿನ ಫೋಟೋ ನೋಡಿ ಸೆಟಿಂಗನ್ನು ಮೊದಲಿದ್ದ ಹಾಗೆ ಮಾಡಿದ ಮೇಲೆ ವಿಂಡೋಸ್ ವಾಪಸ್ ಬಂತು. ಲೆಕ್ಕ ಎಲ್ಲೂ ಹೋಗಿರಲಿಲ್ಲ. ವಿಂಡೋಸ್ ತನ್ನ ಹಳೇ ಡ್ರೈವರನ್ನೇ ಹುಡುಕುತ್ತಿತ್ತು ಅಷ್ಟೇ.

ವಿಂಡೋಸ್ ಉಳಿಸಿಕೊಳ್ಳುವವರು ಇದನ್ನು ಹೀಗೆ ಮಾಡಬೇಕು:

1. ವಿಂಡೋಸ್‌ನಲ್ಲಿ 'ಸಿಸ್ಟಂ ಕಾನ್ಫಿಗರೇಶನ್' ಹುಡುಕಿ ತೆರೆಯಿರಿ. 'ಬೂಟ್' ಪುಟದಲ್ಲಿ 'ಸೇಫ್ ಬೂಟ್' ಟಿಕ್ ಮಾಡಿ, 'ಮಿನಿಮಲ್' ಇರಲಿ. ಓಕೆ ಕೊಟ್ಟು ರೀಸ್ಟಾರ್ಟ್ ಮಾಡಿ.
2. ವಿಂಡೋಸ್ ಏಳುವ ಮೊದಲೇ ಬಯೋಸ್ ಒಳಗೆ ಹೋಗಿ ಎಎಚ್‌ಸಿಐ ಮಾಡಿ, ಸೇವ್ ಮಾಡಿ.
3. ಈಗ ವಿಂಡೋಸ್ ಸೇಫ್ ಮೋಡ್‌ನಲ್ಲಿ ಏಳುತ್ತದೆ, ಸರಿಯಾದ ಡ್ರೈವರ್ ಹಾಕಿಕೊಳ್ಳುತ್ತದೆ.
4. ಮತ್ತೆ ಅದೇ ಪುಟಕ್ಕೆ ಹೋಗಿ ಸೇಫ್ ಬೂಟ್ ಟಿಕ್ ತೆಗೆದು ರೀಸ್ಟಾರ್ಟ್ ಮಾಡಿ.

ಸೇಫ್ ಮೋಡ್‌ನಲ್ಲಿ ನಾಲ್ಕಂಕಿಯ ಪಿನ್ ಕೆಲಸ ಮಾಡದೇ ಇರಬಹುದು. ಖಾತೆಯ ಪಾಸ್‌ವರ್ಡ್ ಮೊದಲೇ ನೆನಪು ಮಾಡಿಕೊಂಡಿರಿ. ನಾವು ಎರಡನೇ ಸಲ ಹೀಗೆ ಮಾಡಿದಾಗ ವಿಂಡೋಸೂ ಬಂತು, ಮಿಂಟ್ ಪಟ್ಟಿಯಲ್ಲಿ ಎಸ್‌ಎಸ್‌ಡಿಯೂ ಬಂತು.

ನಿಜವಾಗಿಯೂ ಎರಡು ಡಿಸ್ಕ್ ಸೇರಿಸಿ ರೇಡ್ ಮಾಡಿದ್ದರೆ ಈ ಸೆಟಿಂಗ್ ಮುಟ್ಟಬೇಡಿ, ಡೇಟಾ ಹೋಗುವ ಅಪಾಯ ಇದೆ. ಹಾರ್ಡ್‌ಡಿಸ್ಕ್ ಜೊತೆ ಆಪ್ಟೇನ್ ಮೆಮರಿ ಇದ್ದರೆ ವಿಂಡೋಸ್ ಒಳಗೆ ಇಂಟೆಲ್‌ನ ತಂತ್ರಾಂಶದಿಂದ ಅದನ್ನು ಮೊದಲು ಬಿಡಿಸಿಕೊಳ್ಳಿ.

ಉಳಿದ ಚಿಕ್ಕಪುಟ್ಟವು

ಬಯೋಸ್‌ನಲ್ಲೂ 'ಫಾಸ್ಟ್ ಬೂಟ್' ಅಂತ ಒಂದಿದೆ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟ್‌ಅಪ್ ಬೇರೆ, ಇದು ಬೇರೆ. ಇದು ಆನ್ ಇದ್ದರೆ ಯುಎಸ್‌ಬಿ ಪರೀಕ್ಷೆಯನ್ನು ಹಾರಿಸಿಬಿಡುತ್ತದೆ, ಪೆನ್‌ಡ್ರೈವ್ ಕಾಣುವುದಿಲ್ಲ. ಆಫ್ ಮಾಡಿ. 'ಯುಎಸ್‌ಬಿ ಬೂಟ್' ಆನ್ ಇರಲಿ. ಎಫ್12 ಬೂಟ್ ಮೆನು ಅನ್ನುವ ಸಾಲಿದ್ದರೆ ಅದನ್ನೂ ಆನ್ ಮಾಡಿ.

ಟಿಪಿಎಂ ಲಿನಕ್ಸ್‌ಗೆ ಬೇಕೇ ಬೇಕು ಅಂತಿಲ್ಲ, ಇದ್ದರೆ ತೊಂದರೆಯೂ ಇಲ್ಲ. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂಬ ಹೆಸರಿರುತ್ತದೆ. ಸುಮ್ನೆ ಹಾಗೇ ಬಿಡಿ. 'ಕ್ಲಿಯರ್ ಟಿಪಿಎಂ' ಮಾತ್ರ ಒತ್ತಬೇಡಿ.

ವರ್ಚುವಲೈಸೇಶನ್, ಅಂದರೆ ಇಂಟೆಲ್‌ನ ವಿಟಿ-ಎಕ್ಸ್ ಅಥವಾ ಎಎಂಡಿಯ ಎಸ್‌ವಿಎಂ, ಆನ್ ಮಾಡಿಕೊಂಡರೆ ವಿಂಡೋಸ್ ಒಳಗೇ ವರ್ಚುವಲ್ ಯಂತ್ರದಲ್ಲಿ ಲಿನಕ್ಸ್ ಓಡಿಸಿ ನೋಡಬಹುದು. ರುಚಿ ನೋಡಲು ಒಳ್ಳೆಯ ದಾರಿ. ಕೆಲವು ಥಿಂಕ್‌ಪ್ಯಾಡ್‌ಗಳಲ್ಲಿ 'ಸ್ಲೀಪ್ ಸ್ಟೇಟ್' ಅನ್ನುವ ಕಡೆ ವಿಂಡೋಸ್ 10, ಲಿನಕ್ಸ್ ಅಂತ ಎರಡು ಆಯ್ಕೆ ಇದೆ. ಮುಚ್ಚಿಟ್ಟ ಲ್ಯಾಪ್‌ಟಾಪಿನ ಬ್ಯಾಟರಿ ಬೆಳಗಾಗುವಷ್ಟರಲ್ಲಿ ಖಾಲಿಯಾಗುತ್ತಿದ್ದರೆ ಅಲ್ಲಿ ಲಿನಕ್ಸ್ ಆರಿಸಿ ನೋಡಿ.

ಏಳನೇ ಹೆಜ್ಜೆ: ಹಾಕುವ ಮೊದಲು ಪೆನ್‌ಡ್ರೈವ್‌ನಲ್ಲೇ ಓಡಿಸಿ

ಮಿಂಟ್ ಫೈಲು ಸುಮಾರು 3 ಜಿಬಿ, ಉಬುಂಟು 24.04 ಸುಮಾರು 6 ಜಿಬಿ. ನಮ್ಮೂರ ಗುಡ್ಡದ ನೆಟ್‌ವರ್ಕಿನಲ್ಲಿ ಇಷ್ಟು ಇಳಿಸುವುದು ಕಷ್ಟ. ಶಿವಮೊಗ್ಗಕ್ಕೆ ಹೋದಾಗ ಒಳ್ಳೆಯ ನೆಟ್ ಇರುವ ಕಡೆ ಇಳಿಸಿಕೊಂಡು ಬನ್ನಿ. ಮಧ್ಯದಲ್ಲಿ ನಿಂತು ನಿಂತು ಇಳಿದ ಫೈಲು ಹಾಳಾಗಿರಬಹುದು. ಶಾ256 ಚೆಕ್‌ಸಮ್, ಅಂದರೆ ಫೈಲು ಸರಿಯಿದೆಯಾ ಅಂತ ತಿಳಿಸುವ ಗುರುತಿನ ಸಂಖ್ಯೆ, ತಾಳೆ ನೋಡಿ. ರುಫಸ್ ಅಥವಾ ವೆಂಟಾಯ್ ಎಂಬ ತಂತ್ರಾಂಶದಿಂದ ಪೆನ್‌ಡ್ರೈವಿಗೆ ಹಾಕಿ. ವೆಂಟಾಯ್ ಆದರೆ ಸೆಕ್ಯೂರ್ ಬೂಟ್ ಆನ್ ಇದ್ದಾಗ ಮೊದಲ ಸಲ ತನ್ನ ಕೀ ಸೇರಿಸಿಕೊಳ್ಳಲು ಕೇಳುತ್ತದೆ.

ಬೂಟ್ ಮೆನುವಿನ ಕೀ ಡೆಲ್, ಲೆನೊವೊ, ಏಸರ್, ಗಿಗಾಬೈಟ್‌ಗೆ ಎಫ್12, ಎಚ್‌ಪಿಗೆ ಎಫ್9, ಎಂಎಸ್‌ಐಗೆ ಎಫ್11, ಏಸಸ್ ಲ್ಯಾಪ್‌ಟಾಪಿಗೆ ಎಸ್ಕೇಪ್. ಆ ಪಟ್ಟಿಯಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಬಹುದು. ಒಂದರ ಹಿಂದೆ 'ಯುಇಎಫ್‌ಐ' ಅಂತ ಇರುತ್ತದೆ, ಇನ್ನೊಂದರ ಹಿಂದೆ ಇರುವುದಿಲ್ಲ. ನಾಲ್ಕನೇ ಹೆಜ್ಜೆಯಲ್ಲಿ ಹೇಳಿದ ಜೋಡಿ ತಪ್ಪುವುದು ಇಲ್ಲೇ. ವಿಂಡೋಸ್ ಯುಇಎಫ್‌ಐಯಲ್ಲಿದ್ದರೆ 'ಯುಇಎಫ್‌ಐ' ಅಂತ ಇರುವುದನ್ನೇ ಆರಿಸಿ.

ಎದ್ದ ಮೇಲೆ 'ಇನ್‌ಸ್ಟಾಲ್' ಒತ್ತುವ ಅವಸರ ಬೇಡ. 'ಡಿಸ್ಕ್ಸ್' ತೆರೆದು ಎಸ್‌ಎಸ್‌ಡಿ ಕಾಣುತ್ತಿದೆಯಾ ನೋಡಿ. ವೈಫೈ, ಧ್ವನಿ, ಟಚ್‌ಪ್ಯಾಡ್, ಸ್ಕ್ರೀನಿನ ಬೆಳಕು, ಕ್ಯಾಮೆರಾ ನೋಡಿ. ಮುಚ್ಚಳ ಹಾಕಿ ತೆಗೆದು ನಿದ್ದೆಯಿಂದ ಏಳುತ್ತದೆಯಾ ನೋಡಿ. ವೈಫೈ ಕಾಣದಿದ್ದರೆ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಕೊಡಿ. ಸಾಮಾನ್ಯವಾಗಿ ತಕ್ಷಣ ನೆಟ್ ಬರುತ್ತದೆ.

ಮಳೆಗಾಲ, ಕರೆಂಟು, ಬಯೋಸ್ ಅಪ್‌ಡೇಟ್

ಬಯೋಸ್ ಅಪ್‌ಡೇಟ್ ಮಾಡುತ್ತಿರುವಾಗ ಕರೆಂಟ್ ಹೋದರೆ ಮದರ್‌ಬೋರ್ಡ್ ಆನ್ ಆಗದೇ ಹೋಗಬಹುದು. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೈನಿನ ಮೇಲೆ ಮರ ಯಾವಾಗ ಬೀಳುತ್ತದೆ ಅಂತ ಯಾರಿಗೂ ಹೇಳಲು ಬರುವುದಿಲ್ಲ. ಹಾಗಾಗಿ ಡೆಸ್ಕ್‌ಟಾಪ್ ಇದ್ದವರು ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಮನೆಯ ಇನ್ವರ್ಟರನ್ನು ನೆಚ್ಚಬೇಡಿ. ಅದು ಬದಲಾಯಿಸಿಕೊಳ್ಳುವ ಕ್ಷಣದಲ್ಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗುವುದುಂಟು. ಲ್ಯಾಪ್‌ಟಾಪ್ ಆದರೆ ಬ್ಯಾಟರಿಯೂ ತುಂಬಿರಲಿ, ಚಾರ್ಜರೂ ಇರಲಿ.

ಎಲ್ಲ ಸರಿಯಾಗಿ ನಡೆಯುತ್ತಿದ್ದರೆ ಅಪ್‌ಡೇಟ್‌ಗೆ ಅವಸರವಿಲ್ಲ. ಸೆಕ್ಯೂರ್ ಬೂಟ್ ಕೀ, ಭದ್ರತೆಯ ದೋಷ, ನಿದ್ದೆಯ ತೊಂದರೆ ಹೀಗೆ ಕಾರಣ ಇದ್ದರೆ ಮಾಡಿ. ಡೆಲ್, ಲೆನೊವೊ ಮೊದಲಾದವರ ಎಷ್ಟೋ ಮಾಡೆಲ್‌ಗಳಿಗೆ ಲಿನಕ್ಸ್ ಒಳಗಿಂದಲೇ 'ಎಫ್‌ಡಬ್ಲ್ಯೂಅಪ್‌ಡಿ' ಎಂಬ ತಂತ್ರಾಂಶದ ಮೂಲಕ ಫರ್ಮ್‌ವೇರ್ ಸಿಗುತ್ತದೆ. ಅಪ್‌ಡೇಟ್ ಆದ ಮೇಲೆ ಕೆಲವು ಸೆಟಿಂಗ್ ಮೊದಲಿನ ಸ್ಥಿತಿಗೆ ಹೋಗಿರಬಹುದು. ಫೋಟೋ, ನೋಟ್‌ಬುಕ್ ಮುಂದಿಟ್ಟುಕೊಂಡು ಸಾಟಾ ಮೋಡ್, ಸಿಎಸ್‌ಎಂ, ಸೆಕ್ಯೂರ್ ಬೂಟ್ ಮತ್ತೊಮ್ಮೆ ನೋಡಿ.

ಹಳೇ ಡೆಸ್ಕ್‌ಟಾಪಿನಲ್ಲಿ ಪ್ರತಿ ಸಲ ಕರೆಂಟ್ ಹೋಗಿ ಬಂದಾಗ ತಾರೀಕು ಹಿಂದಕ್ಕೆ ಹೋಗುತ್ತಿದೆಯಾ? ನಮ್ಮ ಚಿಕ್ಕಪ್ಪನ ಮನೆಯಲ್ಲಿ ಹೀಗೇ ಆಗುತ್ತಿತ್ತು. ಬ್ರೌಸರ್ ತೆರೆದರೆ ಯಾವ ಸೈಟೂ ಸುರಕ್ಷಿತವಲ್ಲ ಅನ್ನುತ್ತಿತ್ತು. ಸಿಎಸ್‌ಎಂ ತಾನಾಗಿಯೇ ಆನ್ ಆಗಿ ಬೂಟ್ ಕ್ರಮ ಕೆಡುತ್ತಿತ್ತು. ಲಿನಕ್ಸ್ ಕೆಟ್ಟಿದೆ ಅಂತ ಎರಡು ಸಲ ಮತ್ತೆ ಹಾಕಿದ್ದರು ಪಾಪ. ಮದರ್‌ಬೋರ್ಡ್ ಮೇಲಿನ ನಾಣ್ಯದಂಥ 3 ವೋಲ್ಟ್ ಸೆಲ್, ಸಿಆರ್2032, ಸತ್ತುಹೋಗಿತ್ತು. ಪ್ಲಗ್ ಕಿತ್ತು, ಹೊಸ ಸೆಲ್ ಹಾಕಿ, ಸೆಟಿಂಗ್ ಸರಿಮಾಡಿದ ಮೇಲೆ ತೊಂದರೆ ಬರಲಿಲ್ಲ. ಹಳೇ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕುವವರು ಮೊದಲು ಈ ಸೆಲ್ ಬದಲಾಯಿಸಿ.

ಹಾಕಿದ ಮೇಲೆ ಎರಡು ಮಾತು

ವಿಂಡೋಸ್‌ಗೆ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಇದ್ದರೆ ಏನೂ ಕೆಟ್ಟಿಲ್ಲ. ಮದರ್‌ಬೋರ್ಡಿನ ಗಡಿಯಾರದಲ್ಲಿ ವಿಂಡೋಸ್ ನಮ್ಮ ಸಮಯ ಇಡುತ್ತದೆ, ಲಿನಕ್ಸ್ ಯುಟಿಸಿ, ಅಂದರೆ ಜಾಗತಿಕ ಸಮಯ, ಇಡುತ್ತದೆ. ಲಿನಕ್ಸ್‌ನ 'ಟೈಮ್‌ಡೇಟ್‌ಸಿಟಿಎಲ್' ಕಮಾಂಡಿನಲ್ಲಿ ಲೋಕಲ್ ಆರ್‌ಟಿಸಿ ಆಯ್ಕೆಯನ್ನು 1 ಮಾಡಿದರೆ ಎರಡೂ ಹೊಂದಿಕೊಳ್ಳುತ್ತವೆ.

ಇನ್ನೊಂದು ಬೂಟ್ ಕ್ರಮ. ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಆದ ಮೇಲೆ ಮಿಂಟ್ ಮೆನುವೇ ಬರದೆ ನೇರ ವಿಂಡೋಸ್ ಏಳಬಹುದು. ಭಾವನಿಗೂ ಹಾಗೇ ಆಗಿ ಫೋನ್ ಮಾಡಿದರು. "ಮಿಂಟ್ ಹೋಗಿಬಿಡ್ತಲ್ಲ ಮಾರಾಯ." ಹೋಗಿರಲಿಲ್ಲ. ಬಯೋಸ್‌ನ ಬೂಟ್ ಪುಟಕ್ಕೆ ಹೋಗಿ ಅಂದೆ. ಅಲ್ಲಿ 'ವಿಂಡೋಸ್ ಬೂಟ್ ಮ್ಯಾನೇಜರ್' ಮೊದಲಿತ್ತು, ಅದರ ಕೆಳಗೆ 'ಉಬುಂಟು'. ಮಿಂಟ್ ಆ ಪಟ್ಟಿಯಲ್ಲಿ ಉಬುಂಟು ಹೆಸರಿನಲ್ಲೇ ಕೂರುತ್ತದೆ. ಅದನ್ನು ಮೇಲಕ್ಕೆ ತಂದು ಎಫ್10 ಒತ್ತಿ ಅಂದೆ. ಆ ಕಡೆಯಿಂದ ಮಳೆ ಹೊಡೆಯುವ ಸದ್ದು, ಸ್ವಲ್ಪ ಹೊತ್ತಿಗೆ ಭಾವನ ದನಿ: "ಬಂತು, ಹಸಿರು ಎಲೆ ಬಂತು."